ಪಾಠದ ಕಥೆ ತನ್ನದಾಗುವ ಬಗೆ: ಹದಿಹರೆಯದವರಿಗೆ ಸಾಹಿತ್ಯ ಕಲಿಸುವವರಿಗೊಂದು ಕೈಪಿಡಿ

ಒಂದು ಕಥೆಯನ್ನೋ ಕವಿತೆಯನ್ನೋ ಮುಗಿಸಿದ ಮೇಲೆ 14–15ರ ವಯಸ್ಸಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು “ಇದನ್ನು ನಾವು ಯಾಕೆ ಓದಬೇಕು?” ಎಂದು ಕೇಳಿದರೆ ಬಹಳಷ್ಟು ಶಿಕ್ಷಕರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಪರೀಕ್ಷೆಗೆ ಬರುತ್ತದೆ ಎನ್ನುತ್ತಾರೆ, ಇಲ್ಲವೇ ಇದರಿಂದ ಕಲಿಯಬೇಕಾದ ನೀತಿ ಇಂಥದ್ದು ಎಂದು ವಿವರಿಸುತ್ತಾರೆ. ಮೊದಲನೆಯ ಉತ್ತರದಲ್ಲಿ ಪ್ರಾಮಾಣಿಕತೆಯಾದರೂ ಇದೆ. ಎರಡನೆಯದು ಒಳ್ಳೆಯ ಉದ್ದೇಶದಿಂದ ಬಂದರೂ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ವಿದ್ಯಾರ್ಥಿ ತಾನೇ ಹುಡುಕಿಕೊಳ್ಳಬೇಕಾಗಿದ್ದ ನಂಟನ್ನು ಶಿಕ್ಷಕರೇ ಸಿದ್ಧಮಾಡಿ ಕೈಗಿಟ್ಟು, ಹುಡುಕುವ ಅಗತ್ಯವನ್ನೇ ಇಲ್ಲವಾಗಿಸಿರುತ್ತಾರೆ. ನಾನೂ ಹಲವು ವರ್ಷ ಹೀಗೆಯೇ ಪಾಠ ಮಾಡಿದವನು. ನನ್ನ ವಿದ್ಯಾರ್ಥಿಗಳು ನೀತಿಯನ್ನು ಅಚ್ಚುಕಟ್ಟಾಗಿ ಬರೆದುಕೊಂಡರು, ಅಂಕ ಪಡೆದರು, ಕಥೆಯನ್ನು ಮರೆತರು.

ಸಾಹಿತ್ಯಕ್ಕೂ ತನ್ನ ಬದುಕಿಗೂ ಇರುವ ಸಂಬಂಧವನ್ನು ಇನ್ನೊಬ್ಬರು ಹೇಳಿಕೊಡಲು ಬರುವುದಿಲ್ಲ ಎಂಬುದು ಆ ವರ್ಷಗಳಿಂದ ನಾನು ಕಲಿತ ಮುಖ್ಯ ಸಂಗತಿ. ಶಿಕ್ಷಕರಿಂದ ಆಗುವುದು ಆ ಸಂಬಂಧ ಹುಟ್ಟಲು ಬೇಕಾದ ಸಮಯ, ಮೌನ, ಸರಿಯಾದ ಪ್ರಶ್ನೆ ಮತ್ತು ನಿರ್ಭೀತಿಯನ್ನು ಒದಗಿಸುವುದು. ಈ ಬರಹ ಆ ಕೆಲಸವನ್ನು ಮಾಡುವುದು ಹೇಗೆ ಎಂಬುದರ ಬಗ್ಗೆ.

ಮೊದಲು ತಿಳಿದಿರಬೇಕಾದದ್ದು

ಅಮೆರಿಕದ ಸಾಹಿತ್ಯ ಶಿಕ್ಷಣ ಚಿಂತಕಿ ಲೂಯಿಸ್ ರೋಸೆನ್‌ಬ್ಲಾಟ್ 1938ರಲ್ಲೇ ಈ ವಿಷಯವನ್ನು ಶಾಲಾ ಸಾಹಿತ್ಯ ಬೋಧನೆಯ ನಡುಮಧ್ಯಕ್ಕೆ ತಂದು ನಿಲ್ಲಿಸಿದರು. ಕೃತಿಯ ಅರ್ಥವು ಹಾಳೆಯ ಮೇಲೆ ಸಿದ್ಧವಾಗಿ ಕುಳಿತಿರುವುದಿಲ್ಲ, ಓದುಗನ ತಲೆಯೊಳಗೆ ಮೊದಲೇ ಇರುವುದೂ ಇಲ್ಲ, ಒಬ್ಬ ನಿರ್ದಿಷ್ಟ ಓದುಗ ಒಂದು ನಿರ್ದಿಷ್ಟ ಪಠ್ಯಕ್ಕೆ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಎದುರಾದಾಗ ಅದು ಮೂಡುತ್ತದೆ ಎಂಬುದು ಅವರ ನಿಲುವಾಗಿತ್ತು. 1978ರಲ್ಲಿ ಪ್ರಕಟವಾದ ಇನ್ನೊಂದು ಪುಸ್ತಕದಲ್ಲಿ ಅವರು ಓದಿನ ಎರಡು ಧೋರಣೆಗಳನ್ನು ಬಿಡಿಸಿ ತೋರಿಸಿದರು. ಔಷಧಿಯ ಬಾಟಲಿಯ ಮೇಲಿನ ಸೂಚನೆಯನ್ನು ಓದುವಾಗ ನಮಗೆ ಬೇಕಾಗಿರುವುದು ಓದಿದ ನಂತರ ಉಳಿಯುವ ಮಾಹಿತಿ. ಕವಿತೆಯನ್ನು ಓದುವಾಗ ಬೇಕಾಗಿರುವುದು ಓದುತ್ತಿರುವಾಗಲೇ ನಮ್ಮೊಳಗೆ ನಡೆಯುವ ಅನುಭವ. ಶಾಲೆಯ ಪ್ರಶ್ನೆಗಳಲ್ಲಿ ಹೆಚ್ಚಿನವು ಕವಿತೆಯನ್ನೂ ಔಷಧಿಯ ಸೂಚನೆಯಂತೆ ಓದಿಸುತ್ತವೆ: ಯಾರು, ಎಲ್ಲಿ, ಎಷ್ಟು, ಯಾವ ಅಲಂಕಾರ. ಅವು ಬೇಡವಾದ ಪ್ರಶ್ನೆಗಳೆಂದು ನಾನು ಹೇಳುವುದಿಲ್ಲ. ಆದರೆ ಅವೇ ಮೊದಲು ಬಂದರೆ ವಿದ್ಯಾರ್ಥಿ ಕಥೆಯೊಳಗೆ ಇಳಿಯದೆ, ಉತ್ತರಗಳನ್ನು ಆರಿಸಿಕೊಳ್ಳುತ್ತ ಅದರ ಮೇಲ್ಮೈಯಲ್ಲಿ ನಡೆದುಬಿಡುತ್ತಾನೆ.

ಭಾರತೀಯ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಇದು ಪರಿಚಿತ ಮಾತಿನಂತೆ ಕೇಳಿಸಬಹುದು. ಸುಮಾರು ಸಾವಿರ ವರ್ಷ ಹಿಂದಿನ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತನು ಸಹೃದಯನನ್ನು, ಅಂದರೆ ಕಾವ್ಯವನ್ನು ಸವಿಯಬಲ್ಲ ಓದುಗನನ್ನು, ವಿವರಿಸುವಾಗ, ಕಾವ್ಯದ ಅನುಶೀಲನವನ್ನು ಮಾಡಿ ಮಾಡಿ ಮನಸ್ಸೆಂಬ ಕನ್ನಡಿ ತಿಳಿಯಾಗಿ, ವರ್ಣಿತವಾದದ್ದರಲ್ಲಿ ತನ್ಮಯನಾಗುವ ಯೋಗ್ಯತೆಯನ್ನು ಪಡೆದು, ಹೃದಯಸಂವಾದವನ್ನು ಅನುಭವಿಸುವವನು ಎನ್ನುತ್ತಾನೆ. ಇಲ್ಲಿ ಶಿಕ್ಷಕರು ಗಮನಿಸಬೇಕಾದ ಎರಡು ಅಂಶಗಳಿವೆ. ಸಂವಾದ ಎಂದರೆ ಇಲ್ಲಿ ಹೊಂದಿಕೆ, ಒಂದಕ್ಕೊಂದು ಮಿಡಿಯುವುದು, ಅಂದರೆ ಅದಕ್ಕೆ ಓದುಗನ ಹೃದಯವೂ ಬೇಕು, ಕಾವ್ಯವೂ ಬೇಕು. ಎರಡನೆಯದಾಗಿ, ಕನ್ನಡಿ ತಿಳಿಯಾಗುವುದು ಅಭ್ಯಾಸದಿಂದ. ಸಹೃದಯತೆಯನ್ನು ಕೆಲವರು ಹುಟ್ಟುತ್ತಲೇ ತರುತ್ತಾರೆ, ಉಳಿದವರಿಗೆ ಅದು ದಕ್ಕುವುದಿಲ್ಲ ಎಂದುಕೊಂಡರೆ ಶಾಲೆಯಲ್ಲಿ ಸಾಹಿತ್ಯ ಕಲಿಸುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಈ ವಯಸ್ಸಿನ ಸ್ವಭಾವವನ್ನೂ ಮರೆಯಬಾರದು. ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಸುಮಾರು 12ರಿಂದ 18 ವರ್ಷದವರೆಗಿನ ಕಾಲವನ್ನು “ನಾನು ಯಾರು” ಎಂಬುದನ್ನು ಕಟ್ಟಿಕೊಳ್ಳುವ ಕಾಲವೆಂದು ಗುರುತಿಸಿದರು. ಡೇವಿಡ್ ಎಲ್ಕೈಂಡ್ 1967ರಲ್ಲಿ ಬರೆದ ಲೇಖನವೊಂದರಲ್ಲಿ ಹದಿಹರೆಯದವರು ಸದಾ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂಬ ಭಾವನೆಯಲ್ಲಿ ಬದುಕುತ್ತಾರೆ ಎಂದು ಹೇಳಿ, ಅದನ್ನು ಕಲ್ಪಿತ ಪ್ರೇಕ್ಷಕವರ್ಗ ಎಂದು ಕರೆದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ತರಗತಿಯ ಕಷ್ಟ ಅರ್ಥವಾಗುತ್ತದೆ. ಕಥೆಯಲ್ಲಿ ತನ್ನನ್ನು ಹುಡುಕಿಕೊಳ್ಳುವ ಹಂಬಲ ಈ ವಯಸ್ಸಿನಲ್ಲಿ ಇರುವಷ್ಟು ಬೇರೆ ಯಾವ ವಯಸ್ಸಿನಲ್ಲೂ ಇರುವುದಿಲ್ಲ. ಸಿಕ್ಕಿತು ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವ ಅಂಜಿಕೆಯೂ ಇಷ್ಟು ತೀವ್ರವಾಗಿ ಬೇರೆ ವಯಸ್ಸಿನಲ್ಲಿ ಇರುವುದಿಲ್ಲ. “ಬೋರು” ಎಂಬ ಒಂದೇ ಮಾತಿನ ಉತ್ತರದ ಹಿಂದೆ ಎಷ್ಟೋ ಸಲ ಈ ಅಂಜಿಕೆಯೇ ಇರುತ್ತದೆ.

ಓದುವ ಮೊದಲು ಏನು ಮಾಡಬೇಕು, ಏನನ್ನು ಬಿಡಬೇಕು

ಬಿಡಬೇಕಾದದ್ದನ್ನು ಮೊದಲು ಹೇಳುತ್ತೇನೆ. ಲೇಖಕರ ಪರಿಚಯ, ಪಡೆದ ಪ್ರಶಸ್ತಿಗಳು, ಕೃತಿಯ ಆಶಯ, ಕಥೆಯ ಹಿನ್ನೆಲೆ ಇವೆಲ್ಲವನ್ನೂ ಮೊದಲ ಓದಿನ ನಂತರಕ್ಕೆ ಮುಂದೂಡಿರಿ. “ಇದು ತಂದೆ–ಮಗನ ಬಾಂಧವ್ಯದ ಕಥೆ” ಎಂದು ಮೊದಲೇ ಹೇಳಿಬಿಟ್ಟರೆ ವಿದ್ಯಾರ್ಥಿಗಳು ಬಾಂಧವ್ಯವನ್ನು ಮಾತ್ರ ಹುಡುಕುತ್ತಾರೆ, ಮಿಕ್ಕದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಪಠ್ಯ ಅರ್ಥವಾಗಲು ಬೇಕೇ ಬೇಕಾದ ಒಂದೆರಡು ವಿವರಗಳಿದ್ದರೆ, ಉದಾಹರಣೆಗೆ ಈಗ ಬಳಕೆಯಲ್ಲಿಲ್ಲದ ಒಂದು ಪದ ಅಥವಾ ಕಥೆ ನಡೆಯುವ ಕಾಲದ ಒಂದು ಕಟ್ಟಳೆ, ಅವನ್ನಷ್ಟೇ ಹೇಳಿ ಮುಂದೆ ಹೋಗಿರಿ.

ಮಾಡಬೇಕಾದದ್ದು ಚಿಕ್ಕದು. ಕಥೆಯ ತಿರುಳಿಗೆ ಹತ್ತಿರವಾದ ಒಂದು ಸನ್ನಿವೇಶವನ್ನು ಆರಿಸಿ, 5 ನಿಮಿಷ ತಮಗಾಗಿ ಮಾತ್ರ ಬರೆದುಕೊಳ್ಳಲು ಹೇಳಿರಿ. ಅದು ಮೌಲ್ಯದ ಹೆಸರಾಗಿರಬಾರದು, ಒಂದು ಗಳಿಗೆಯಾಗಿರಬೇಕು. “ಪ್ರಾಮಾಣಿಕತೆಯ ಬಗ್ಗೆ ಬರೆಯಿರಿ” ಎಂದರೆ ಕೇಳಿ ಕೇಳಿ ಸವೆದ ವಾಕ್ಯಗಳು ಬರುತ್ತವೆ. “ಒಂದು ಮಾತನ್ನು ಹೇಳಬೇಕಾಗಿತ್ತು, ಹೇಳದೆ ಸುಮ್ಮನಾದಿರಿ, ಆ ಹೊತ್ತು ನಿಮ್ಮ ಕೈಗಳು ಏನು ಮಾಡುತ್ತಿದ್ದವು ಎಂಬುದರಿಂದ ಶುರುಮಾಡಿ” ಎಂದರೆ ನೆನಪು ತಾನಾಗಿ ತೆರೆದುಕೊಳ್ಳುತ್ತದೆ. ಆ ಹಾಳೆಯನ್ನು ಯಾರೂ ಕೇಳುವುದಿಲ್ಲ, ಶಿಕ್ಷಕರೂ ನೋಡುವುದಿಲ್ಲ ಎಂದು ಮೊದಲೇ ತಿಳಿಸಿ, ಆ ಮಾತನ್ನು ಉಳಿಸಿಕೊಳ್ಳಿರಿ. ಒಮ್ಮೆ ಮಾತು ತಪ್ಪಿದರೆ ಆ ತರಗತಿಯಲ್ಲಿ ಮತ್ತೆ ಯಾರೂ ನಿಜವಾದದ್ದನ್ನು ಬರೆಯುವುದಿಲ್ಲ.

ಪಠ್ಯದ ಆಯ್ಕೆ ಶಿಕ್ಷಕರ ಕೈಯಲ್ಲಿ ಇರುವುದು ಕಡಿಮೆ. ಇದ್ದಲ್ಲಿ, ಮೂರು–ನಾಲ್ಕು ಕಥೆಗಳ ಮೊದಲ ಪುಟವನ್ನು ಓದಲು ಕೊಟ್ಟು ಒಂದನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಲಿ. ಇಲ್ಲದಿದ್ದಲ್ಲಿ, ನಿಗದಿಯಾದ ಪಠ್ಯದೊಳಗೆ ಯಾವ ಭಾಗವನ್ನು ಕುರಿತು ಮಾತನಾಡಬೇಕೆಂಬ ಆಯ್ಕೆಯನ್ನಾದರೂ ಅವರಿಗೆ ಬಿಡಿರಿ.

ಮೊದಲ ಓದು

ಗಟ್ಟಿಯಾಗಿ, ನಿಲ್ಲಿಸದೆ, ಪದಾರ್ಥ ಹೇಳದೆ ಒಮ್ಮೆ ಪೂರ್ತಿ ಓದಿರಿ. ಇಡೀ ಕಥೆ ಒಂದು ಅವಧಿಗೆ ಮೀರಿದರೆ ಸಹಜವಾಗಿ ನಿಲ್ಲುವ ಜಾಗದವರೆಗೆ ಓದಿರಿ. ಓದು ಮುಗಿದ ಕೂಡಲೇ ಪ್ರಶ್ನೆ ಕೇಳಬಾರದು. ಒಂದು ನಿಮಿಷದ ಮೌನ ತರಗತಿಯಲ್ಲಿ ಬಹಳ ದೀರ್ಘವಾಗಿ ಅನಿಸುತ್ತದೆ, ಆದರೂ ಅದನ್ನು ತಡೆದುಕೊಳ್ಳಿರಿ. ಬಳಿಕ ಪ್ರತಿಯೊಬ್ಬರೂ ಪೆನ್ಸಿಲ್ ಹಿಡಿದು ಪಠ್ಯದೊಳಗೆ ಮೂರು ಕಡೆ ಗುರುತು ಹಾಕಲಿ: ಮನಸ್ಸು ನಿಂತ ಒಂದು ಸಾಲು, ಅರ್ಥವಾಗದ ಅಥವಾ ಒಪ್ಪಲಾಗದ ಒಂದು ಸಾಲು, ಬೇರೆಯವರೊಂದಿಗೆ ಮಾತನಾಡಬೇಕು ಅನಿಸಿದ ಒಂದು ಸಾಲು. ಕಾರಣ ಹೇಳಬೇಕಾಗಿಲ್ಲ. ಕಾರಣ ಇನ್ನೂ ಅವರಿಗೇ ಗೊತ್ತಿರುವುದಿಲ್ಲ, ಅದನ್ನು ಕಂಡುಕೊಳ್ಳುವುದೇ ಮುಂದಿನ ಕೆಲಸ.

ಗುರುತುಗಳನ್ನು ಪಠ್ಯದ ಮೇಲೆಯೇ ಹಾಕಿಸುವುದಕ್ಕೆ ಒಂದು ಉದ್ದೇಶವಿದೆ. “ಕಥೆ ಹೇಗಿತ್ತು?” ಎಂಬ ಪ್ರಶ್ನೆಗೆ “ಚೆನ್ನಾಗಿತ್ತು” ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. “ಎಲ್ಲಿ ನಿಂತಿರಿ?” ಎಂಬ ಪ್ರಶ್ನೆಗೆ ಒಂದು ಸಾಲು ಉತ್ತರವಾಗಿ ಬರುತ್ತದೆ, ಮತ್ತು ಆ ಸಾಲು ಓದುಗನಿಗೂ ಕೃತಿಗೂ ಸಮಾನವಾಗಿ ಸೇರಿದ್ದು.

ಪ್ರಶ್ನೆ ಕೇಳುವ ಬಗೆ

ಈ ಕೆಲಸದಲ್ಲಿ ಅತ್ಯಂತ ಹೆಚ್ಚು ಎಚ್ಚರ ಬೇಕಾಗುವುದು ಇಲ್ಲಿ. ವಿವರಣೆಗಾಗಿ ಒಂದು ಚಿಕ್ಕ ಕಥೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಹುಡುಗ ಹೊಸ ಗೆಳೆಯರೊಂದಿಗೆ ಬರುತ್ತಿದ್ದಾನೆ. ದಾರಿಯ ಬದಿಯಲ್ಲಿ ಕುಳಿತು ಗಡಿಯಾರ ರಿಪೇರಿ ಮಾಡುತ್ತಿರುವ ತಂದೆ ಅವನಿಗೆ ಕಾಣುತ್ತಾನೆ. ಹುಡುಗ ಮಾತನ್ನು ಜೋರು ಮಾಡಿ, ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿ ದಾಟಿ ಹೋಗುತ್ತಾನೆ. ತಂದೆಯ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಗಡಿಯಾರದ ಮೇಲೆಯೇ ಇತ್ತು ಎಂದಷ್ಟೇ ಕಥೆ ಹೇಳುತ್ತದೆ. ರಾತ್ರಿ ಊಟದ ಹೊತ್ತಿಗೆ ತಂದೆ ಏನೂ ಕೇಳುವುದಿಲ್ಲ. ಮಗನ ಕೈಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಹೇಳಿ ಅದನ್ನು ಬಿಚ್ಚಿಸಿಕೊಂಡು ಸರಿಮಾಡಿ ಕೊಡುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಈ ಕಥೆಯನ್ನು ವಿದ್ಯಾರ್ಥಿಯ ಬದುಕಿಗೆ ತರಬೇಕೆಂದು ಹೊರಟ ಶಿಕ್ಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: “ನಿಮಗೆ ಎಂದಾದರೂ ನಿಮ್ಮ ತಂದೆ–ತಾಯಿಯ ಬಗ್ಗೆ ನಾಚಿಕೆಯಾಗಿದೆಯೇ?” ಇದು ಎರಡು ಕಾರಣಕ್ಕೆ ಕೆಟ್ಟ ಪ್ರಶ್ನೆ. ಹೌದು ಎಂದವನು ತರಗತಿಯ ಮುಂದೆ ತಪ್ಪಿತಸ್ಥನಾಗಿ ನಿಲ್ಲುತ್ತಾನೆ, ಇಲ್ಲ ಎಂದವನು ಸುಳ್ಳು ಹೇಳಿ ಕಥೆಯಿಂದ ದೂರವಾಗುತ್ತಾನೆ. ಜೊತೆಗೆ, ಈ ಪ್ರಶ್ನೆಗೆ ಉತ್ತರಿಸಲು ಕಥೆಯನ್ನು ಓದಿರಬೇಕಾದ ಅಗತ್ಯವೇ ಇಲ್ಲ.

ಬದಲಾಗಿ ಹೀಗೆ ಕೇಳಿ ನೋಡಿರಿ: “ತಂದೆ ಮಗನನ್ನು ನೋಡಿದನೇ, ಇಲ್ಲವೇ? ಕಥೆ ಅದನ್ನು ಹೇಳುವುದಿಲ್ಲ. ಓದುವಾಗ ನೀವು ಏನೆಂದುಕೊಂಡಿರಿ? ಯಾವ ಪದದಿಂದ ಹಾಗೆ ಅನಿಸಿತು?” ಜರ್ಮನಿಯ ಸಾಹಿತ್ಯ ಮೀಮಾಂಸಕ ವೋಲ್ಫ್‌ಗಾಂಗ್ ಈಸರ್ ಪಠ್ಯದಲ್ಲಿ ಬಿಟ್ಟ ಜಾಗಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಆ ಬಿಟ್ಟ ಜಾಗಗಳನ್ನು ಓದುಗ ತನ್ನ ಕಡೆಯಿಂದ ತುಂಬುತ್ತಾನೆ, ತುಂಬುವಾಗ ತಾನು ಬದುಕಿನಿಂದ ತಂದದ್ದನ್ನೇ ಬಳಸುತ್ತಾನೆ. ತಂದೆ ನೋಡಿಯೂ ನೋಡದಂತೆ ಇದ್ದ ಎನ್ನುವ ವಿದ್ಯಾರ್ಥಿ ತನಗೆ ಗೊತ್ತಿರುವ ಯಾವುದೋ ಒಂದು ಮೌನವನ್ನು ಕಥೆಯೊಳಗೆ ಇಟ್ಟಿರುತ್ತಾನೆ. ನೋಡಲೇ ಇಲ್ಲ ಎನ್ನುವ ವಿದ್ಯಾರ್ಥಿನಿ ಆ ಹುಡುಗನನ್ನು, ಬಹುಶಃ ತನ್ನನ್ನು, ಕಾಪಾಡುತ್ತಿರುತ್ತಾಳೆ. ಇಬ್ಬರೂ ಹೇಳುತ್ತಿರುವುದು ಭೂತಗನ್ನಡಿಯ ಸಾಲಿನ ಬಗ್ಗೆ, ತಮ್ಮ ಬಗ್ಗೆ ಒಂದಕ್ಷರವನ್ನೂ ಬಾಯಿಬಿಟ್ಟಿಲ್ಲ. ಆದರೂ ನಂಟು ಹುಟ್ಟಿದೆ.

ಇನ್ನೂ ಕೆಲವು ಪ್ರಶ್ನೆಗಳನ್ನು ಇದೇ ಜಾಡಿನಲ್ಲಿ ಕಟ್ಟಬಹುದು. ಗೆಳೆಯರಲ್ಲಿ ಒಬ್ಬನಿಗೆ ವಿಷಯ ಗೊತ್ತಾಗಿದ್ದರೆ ಅವನು ಯಾವ ಕ್ಷಣದಲ್ಲಿ ಅದನ್ನು ಗ್ರಹಿಸಿದ? ಎರಡು ನಿಮಿಷ ಹಿಂದಿದೆ ಎಂಬ ಮಾತು ಕ್ಷಮೆಯೋ, ಆಕ್ಷೇಪವೋ, ಕೇವಲ ಗಡಿಯಾರದ ಮಾತೋ? ಇಲ್ಲಿ ಮಗನ ಬದಲು ಮಗಳಿದ್ದರೆ ಕಥೆ ಎಲ್ಲಿ ಬದಲಾಗುತ್ತಿತ್ತು? ಈ ಹುಡುಗನಿಗೆ ನೀವು ಸಲಹೆ ಕೊಡಬಹುದಾದರೆ ಕಥೆಯ ಯಾವ ವಾಕ್ಯದ ನಂತರ ಕೊಡುತ್ತಿದ್ದಿರಿ? ಪ್ರತಿ ಪ್ರಶ್ನೆಯೂ ಪಠ್ಯದ ಒಂದು ನಿರ್ದಿಷ್ಟ ಜಾಗಕ್ಕೆ ಕಟ್ಟಿಹಾಕಿದ್ದು, ಒಂದಕ್ಕಿಂತ ಹೆಚ್ಚು ಉತ್ತರಕ್ಕೆ ತೆರೆದದ್ದು. ಉತ್ತರ ಶಿಕ್ಷಕರಿಗೆ ಮೊದಲೇ ಗೊತ್ತಿರುವ ಪ್ರಶ್ನೆಯ ವಾಸನೆ ವಿದ್ಯಾರ್ಥಿಗಳಿಗೆ ತಕ್ಷಣ ಸಿಗುತ್ತದೆ. ಆಗ ಅವರು ತಮ್ಮ ಅನಿಸಿಕೆಯನ್ನು ಬದಿಗಿಟ್ಟು ಶಿಕ್ಷಕರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸತೊಡಗುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಬಾಯಿ ಬಿಡದ ವಿದ್ಯಾರ್ಥಿಗಳೂ ಮಾತನಾಡಿದರು. ತನ್ನ ಒಳಗನ್ನು ತಡವಿ ಉತ್ತರ ತರಬೇಕಾದ ಸಾಹಿತ್ಯದ ಪ್ರಶ್ನೆಗೆ 3 ಸೆಕೆಂಡು ಕೂಡ ಕಡಿಮೆಯೇ. ನಾನು ಮನಸ್ಸಿನಲ್ಲೇ ಹತ್ತು ಎಣಿಸುತ್ತೇನೆ.

ಉತ್ತರ ಬಂದ ಮೇಲೆ “ಸರಿ”, “ಬಹಳ ಒಳ್ಳೆಯದು” ಎಂದು ಮುದ್ರೆ ಒತ್ತುವುದನ್ನು ಬಿಟ್ಟು, “ಯಾವ ಸಾಲಿನಲ್ಲಿ ಹಾಗೆ ಕಂಡಿತು?” ಎಂದೋ “ಬೇರೆ ಥರ ಓದಿದವರು ಯಾರಾದರೂ ಇದ್ದೀರಾ?” ಎಂದೋ ಕೇಳಿರಿ. ವಿದ್ಯಾರ್ಥಿಗಳು ಪರಸ್ಪರ ಉತ್ತರಿಸತೊಡಗಿದರೆ ಶಿಕ್ಷಕರು ಸುಮ್ಮನಿರುವುದು ಒಳ್ಳೆಯದು. ಒಂದೇ ಸಾಲು ಪಕ್ಕದವಳಿಗೆ ಬೇರೆಯಾಗಿ ಕೇಳಿಸಿದೆ ಎಂಬ ಅಚ್ಚರಿಯಲ್ಲಿ ಹದಿಹರೆಯದವರು ತಮ್ಮ ಓದು ತಮ್ಮದೇ ಎಂಬುದನ್ನು ಮೊದಲ ಬಾರಿಗೆ ಕಾಣುತ್ತಾರೆ. ಇದನ್ನು ದೊಡ್ಡ ಗುಂಪಿನಲ್ಲಿ ಮಾಡುವುದಕ್ಕಿಂತ ಮೂವರು–ನಾಲ್ವರ ಗುಂಪಿನಲ್ಲಿ ಮಾಡುವುದು ಸುಲಭ, ಅಲ್ಲಿ ನೋಡುವ ಕಣ್ಣುಗಳು ಕಡಿಮೆ.

ಬರೆಯಿಸುವುದು

ಸಂಬಂಧವನ್ನು ಶಿಕ್ಷಕರು ಹೇಳುವುದಕ್ಕೂ ವಿದ್ಯಾರ್ಥಿ ತಾನೇ ಬರೆಯುವುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಸಾಹಿತ್ಯದ ಆಚೆಯಿಂದಲೂ ಆಧಾರವಿದೆ. ಕ್ರಿಸ್ ಹಲ್ಲೆಮನ್ ಮತ್ತು ಜೂಡಿತ್ ಹರಾಕೀವಿಚ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರೌಢಶಾಲೆಯ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಕಲಿತ ಪಾಠ ತಮ್ಮ ಬದುಕಿಗೆ ಹೇಗೆ ಸಂಬಂಧಿಸುತ್ತದೆ ಎಂದು ಬರೆಯಿತು, ಇನ್ನೊಂದು ಗುಂಪು ಪಾಠದ ಸಾರಾಂಶ ಬರೆಯಿತು. ತಮ್ಮಿಂದ ಆಗದು ಎಂದುಕೊಂಡಿದ್ದ ವಿದ್ಯಾರ್ಥಿಗಳಲ್ಲಿ ಸಂಬಂಧವನ್ನು ಬರೆದವರ ಆಸಕ್ತಿಯೂ ಅಂಕಗಳೂ ಹೆಚ್ಚಿದವು. ಅದೇ ಹಾದಿಯ ನಂತರದ ಅಧ್ಯಯನವೊಂದರಲ್ಲಿ, ಉಪಯೋಗವನ್ನು ನೇರವಾಗಿ ಹೇಳಿಬಿಟ್ಟಾಗ ಆತ್ಮವಿಶ್ವಾಸ ಕಡಿಮೆ ಇರುವವರ ಆಸಕ್ತಿ ಇಳಿಯಬಹುದು ಎಂಬುದು ಕಂಡುಬಂದಿತು. ವಿಜ್ಞಾನ, ಗಣಿತದಲ್ಲೇ ಹೀಗಿರುವಾಗ ಸಾಹಿತ್ಯದಲ್ಲಿ ನೀತಿಬೋಧೆಯಿಂದ ಏನಾಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಪ್ರತಿ ವಿದ್ಯಾರ್ಥಿಗೂ ಒಂದು ಓದಿನ ನೋಟ್‌ಬುಕ್ ಇರಲಿ. ಎಡಪುಟದಲ್ಲಿ ಪಠ್ಯದಿಂದ ಒಂದು ಸಾಲನ್ನು ತನ್ನ ಕೈಯಾರೆ ನಕಲು ಮಾಡಲಿ, ಬಲಪುಟದಲ್ಲಿ ಆ ಸಾಲು ತನ್ನನ್ನು ಎಲ್ಲಿಗೆ ಕರೆದೊಯ್ದಿತು ಎಂದು ಬರೆಯಲಿ. ಕೈಯಾರೆ ಬರೆಯುವಾಗ ಕಣ್ಣಿಗೆ ತಪ್ಪಿಸಿಕೊಂಡಿದ್ದ ಪದಗಳು ಸಿಕ್ಕಿಬೀಳುತ್ತವೆ, ಆದ್ದರಿಂದ ಈ ನಕಲನ್ನು ಶ್ರಮವೆಂದು ತೆಗೆದುಹಾಕಬೇಡಿರಿ. ಇನ್ನೊಂದು ದಿನ ಪಾತ್ರಕ್ಕೆ ಒಂದು ಪತ್ರ ಬರೆಯಿಸಬಹುದು. ಮೇಲಿನ ಕಥೆಯಲ್ಲಾದರೆ, ಅದೇ ರಾತ್ರಿಯನ್ನು ತಂದೆಯ ಬಾಯಿಂದ ಹತ್ತು ವಾಕ್ಯಗಳಲ್ಲಿ ಹೇಳಿಸಬಹುದು.

ಬರಹಗಳನ್ನು ಓದುವಾಗ ಒಂದು ವ್ಯತ್ಯಾಸವನ್ನು ಗಮನಿಸಿರಿ. ಸಾಹಿತ್ಯದ ಓದಿನಲ್ಲಿ ಓದುಗ ತನ್ನನ್ನು ತೊಡಗಿಸಿಕೊಳ್ಳುವ ಬಗೆಯನ್ನು ಅಧ್ಯಯನ ಮಾಡಿದ ಡಾನ್ ಕೈಕನ್, ಡೇವಿಡ್ ಮಯಲ್ ಮತ್ತು ಶೆಲ್ಲಿ ಸಿಕೋರಾ 2004ರಲ್ಲಿ ಎರಡು ರೀತಿಗಳನ್ನು ಗುರುತಿಸಿದರು. ಒಂದು ಉಪಮೆಯಂಥದ್ದು: ನಾನು ಈ ಪಾತ್ರದ ಹಾಗೆ ಇದ್ದೇನೆ. ಇನ್ನೊಂದು ರೂಪಕದಂಥದ್ದು: ಓದುವ ಆ ಹೊತ್ತು ನಾನೇ ಆ ಪಾತ್ರ. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆ ಇಲ್ಲಿ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ನೋಡಿ ನನಗೆ ಸಂತೋಷವಾಯಿತು. ಉಪಮೆಯ ರೀತಿಯಲ್ಲಿ ಹೋಲಿಕೆ ಕಂಡು ಓದುಗ ಅಲ್ಲಿಗೆ ನಿಲ್ಲುತ್ತಾನೆ. ರೂಪಕದ ರೀತಿಯಲ್ಲಿ ತಾನು ತಿಳಿದಿರದ ಒಂದು ಭಾವವನ್ನು ಹೊತ್ತು ಹೊರಗೆ ಬರುತ್ತಾನೆ. “ನನಗೂ ಹೀಗೇ ಆಗಿತ್ತು” ಎಂಬ ವಾಕ್ಯ ಒಳ್ಳೆಯ ಆರಂಭ. ಅದರ ಪಕ್ಕದಲ್ಲಿ “ಹಾಗಾದರೆ ಇವನಿಗೂ ನಿನಗೂ ಎಲ್ಲಿ ವ್ಯತ್ಯಾಸ?” ಎಂದು ಪೆನ್ಸಿಲಿನಲ್ಲಿ ಬರೆದರೆ ಹೋಲಿಕೆ ಆಳಕ್ಕೆ ಇಳಿಯುತ್ತದೆ.

ಸ್ವಂತದ ನೆನಪು ಪಠ್ಯವನ್ನು ಮುಚ್ಚಿಹಾಕಿದಾಗ

ಈ ದಾರಿಯಲ್ಲಿ ಒಂದು ನಿಜವಾದ ಅಪಾಯವಿದೆ. ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಕವಿಗಳ ಹೆಸರನ್ನು ಮರೆಮಾಡಿ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಅವರು ಬರೆದ ಪ್ರತಿಕ್ರಿಯೆಗಳನ್ನು ವಿಶ್ಲೇಷಿಸಿ 1929ರಲ್ಲಿ ಪ್ರಕಟಿಸಿದರು. ಅವರು ಪಟ್ಟಿ ಮಾಡಿದ ತೊಡಕುಗಳಲ್ಲಿ, ಕವಿತೆಗೆ ಸಂಬಂಧವಿಲ್ಲದ ಸ್ವಂತ ನೆನಪುಗಳು ಓದನ್ನು ದಾರಿ ತಪ್ಪಿಸುವುದು ಒಂದು. ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ವಿಘ್ನಗಳನ್ನು ಹೇಳುವಾಗ, ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದನ್ನೂ ಸೇರಿಸುತ್ತಾನೆ. ಒಂಬೈನೂರು ವರ್ಷಗಳ ಅಂತರದಲ್ಲಿ, ಒಬ್ಬರನ್ನೊಬ್ಬರು ಅರಿಯದ ಇಬ್ಬರು ಒಂದೇ ತೊಡಕನ್ನು ಕಂಡಿದ್ದಾರೆ.

ತರಗತಿಯಲ್ಲಿ ಇದು ಹೀಗೆ ಕಾಣಿಸಿಕೊಳ್ಳುತ್ತದೆ. ಗಡಿಯಾರದ ಕಥೆಯಿಂದ ಶುರುವಾದ ಮಾತು ಯಾರದೋ ಹಳೆಯ ಗಡಿಯಾರಕ್ಕೆ, ಅಲ್ಲಿಂದ ಅದು ಕಳೆದುಹೋದ ದಿನಕ್ಕೆ ಜಾರುತ್ತದೆ. ತರಗತಿ ಉತ್ಸಾಹದಲ್ಲಿದೆ, ಕಥೆ ಮಾತ್ರ ಮೇಜಿನ ಮೇಲೆ ಒಂಟಿಯಾಗಿ ಬಿದ್ದಿದೆ. ಆಗ ವಿದ್ಯಾರ್ಥಿಯ ಮಾತನ್ನು ಕತ್ತರಿಸದೆ, “ಈಗ ನೀನು ಹೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊನೆಯ ಪ್ಯಾರಾವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದುತ್ತೀಯಾ? ಏನಾದರೂ ಬೇರೆಯಾಗಿ ಕೇಳಿಸುತ್ತದೆಯೇ?” ಎಂದು ಕೇಳುವುದು ನಾನು ಕಂಡುಕೊಂಡ ಅತ್ಯಂತ ಸೌಮ್ಯವಾದ ಉಪಾಯ. ನೆನಪು ಪಠ್ಯದ ಮೇಲೆ ಬೆಳಕು ಚೆಲ್ಲಿದರೆ ಅದು ಉಳಿಯುತ್ತದೆ, ಚೆಲ್ಲದಿದ್ದರೆ ವಿದ್ಯಾರ್ಥಿಯೇ ಅದನ್ನು ಬದಿಗಿಡುತ್ತಾನೆ.

ಹೇಳದಿರುವ ಹಕ್ಕು

ಮನೆಯಲ್ಲಿ ನೋವಿರುವ, ಹತ್ತಿರದವರನ್ನು ಕಳೆದುಕೊಂಡ, ತನ್ನ ಬಗ್ಗೆ ಯಾರಿಗೂ ಹೇಳಲಾಗದ ಸಂಗತಿಯನ್ನು ಹೊತ್ತ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಕಥೆ ಇತರರಿಗಿಂತ ಹತ್ತಿರ ಬರುತ್ತದೆ, ಅದಕ್ಕಾಗಿಯೇ ಅವರು ಮೌನವಾಗಿರುತ್ತಾರೆ. ಮಾತನಾಡದ ವಿದ್ಯಾರ್ಥಿಗೆ ಏನೂ ತಟ್ಟಿಲ್ಲ ಎಂದು ತೀರ್ಮಾನಿಸಿ ಅವನನ್ನು ಎಬ್ಬಿಸಿ ಕೇಳಿದ್ದು ನನ್ನ ಶಿಕ್ಷಕ ವೃತ್ತಿಯಲ್ಲಿ ನಾನು ಇಂದಿಗೂ ನೊಂದುಕೊಳ್ಳುವ ತಪ್ಪು. ಅವನು ಕಣ್ಣೀರು ತಡೆದುಕೊಂಡು ನಿಂತಿದ್ದನ್ನು ಇಡೀ ತರಗತಿ ನೋಡಿತು.

ಆದ್ದರಿಂದ ಕೆಲವು ಕಟ್ಟುಪಾಡುಗಳನ್ನು ವರ್ಷದ ಮೊದಲ ವಾರದಲ್ಲೇ ಹೇಳಿಬಿಡಿರಿ. ಯಾರೂ ತಮ್ಮ ಸ್ವಂತದ ಕಥೆಯನ್ನು ಹೇಳಲೇಬೇಕಾಗಿಲ್ಲ, “ಈಗ ಬೇಡ” ಎಂಬುದು ಪೂರ್ತಿ ಉತ್ತರ. ನೋಟ್‌ಬುಕ್ಕಿನಲ್ಲಿ ಮಡಚಿದ ಪುಟವನ್ನು ಶಿಕ್ಷಕರು ತೆರೆಯುವುದಿಲ್ಲ. ಒಬ್ಬರು ಹೇಳಿದ್ದನ್ನು ಹೊರಗೆ ಆಡಿಕೊಳ್ಳುವಂತಿಲ್ಲ. ಜೊತೆಗೆ ಇನ್ನೊಂದನ್ನೂ ಪ್ರಾಮಾಣಿಕವಾಗಿ ತಿಳಿಸಿರಬೇಕು: ಶಿಕ್ಷಕರಿಗೆ ಓದಲು ಕೊಟ್ಟ ಬರಹದಲ್ಲಿ ಯಾರಿಗಾದರೂ ಅಪಾಯವಾಗುತ್ತಿರುವ ಸೂಚನೆ ಕಂಡರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲು ಆಗುವುದಿಲ್ಲ, ಸಹಾಯ ಮಾಡಬಲ್ಲ ಹಿರಿಯರಿಗೆ ತಿಳಿಸಬೇಕಾಗುತ್ತದೆ. ಇದನ್ನು ಮೊದಲೇ ತಿಳಿದ ವಿದ್ಯಾರ್ಥಿ ಏನನ್ನು ತೋರಿಸಬೇಕೆಂದು ತಾನೇ ನಿರ್ಧರಿಸುತ್ತಾನೆ.

ಏನೂ ತಟ್ಟದವರು, ದೂರದ ಪಠ್ಯಗಳು

“ಇದರಲ್ಲಿ ನನ್ನದೇನೂ ಇಲ್ಲ” ಎಂಬ ಉತ್ತರವನ್ನು ಗೌರವದಿಂದ ಸ್ವೀಕರಿಸಿರಿ, ಆದರೆ ಅಲ್ಲಿಗೆ ಬಿಡಬೇಡಿರಿ. “ಹಾಗಾದರೆ ಈ ಲೇಖಕ ನಿನ್ನಂಥವರನ್ನು ಎಲ್ಲಿ ಬಿಟ್ಟಿದ್ದಾನೆ? ನೀನು ಇದ್ದಿದ್ದರೆ ಕಥೆಯ ಯಾವ ಜಾಗದಲ್ಲಿ ಇರುತ್ತಿದ್ದೆ?” ಎಂದು ಕೇಳಿದಾಗ ನಾನು ಕಂಡ ಕೆಲವು ಅತ್ಯುತ್ತಮ ಬರಹಗಳು ಬಂದಿವೆ. ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕಗಳನ್ನು ಕನ್ನಡಿ, ಕಿಟಕಿ ಮತ್ತು ಸರಿಸುವ ಗಾಜಿನ ಬಾಗಿಲಿಗೆ ಹೋಲಿಸಿದರು. ಕೆಲವು ಮಕ್ಕಳಿಗೆ ಓದಿದ್ದೆಲ್ಲ ಕನ್ನಡಿಯೇ, ಕೆಲವರಿಗೆ ವರ್ಷಾನುಗಟ್ಟಲೆ ಒಂದು ಕನ್ನಡಿಯೂ ಸಿಗುವುದಿಲ್ಲ. ಹಾಗೆ ಸಿಗದಿರುವುದು ವಿದ್ಯಾರ್ಥಿಯ ತಪ್ಪಲ್ಲವಾದ್ದರಿಂದ, ಪೂರಕ ಓದಿಗೆ ಪಠ್ಯಗಳನ್ನು ಆರಿಸುವಾಗ ಯಾರ ಮುಖ ಇನ್ನೂ ಎಲ್ಲಿಯೂ ಕಂಡಿಲ್ಲ ಎಂದು ನೋಡಿಕೊಳ್ಳಬೇಕು.

ಹಾಗೆಂದು ಕನ್ನಡಿಯನ್ನು ಊರು, ವಯಸ್ಸು, ಉಡುಪಿನ ಹೋಲಿಕೆಯೆಂದು ತಿಳಿಯಬಾರದು. ಸಾವಿರ ವರ್ಷ ಹಿಂದಿನ ಕಾವ್ಯದಲ್ಲಿ ಗೆಳೆಯನ ಋಣಕ್ಕೂ ತನಗೆ ಸರಿಯೆನಿಸಿದ್ದಕ್ಕೂ ನಡುವೆ ಸಿಕ್ಕಿಬಿದ್ದ ವೀರನನ್ನು ಇಂದಿನ ಹದಿನೈದರ ಹುಡುಗಿ ಚೆನ್ನಾಗಿ ಬಲ್ಲಳು. ಅಡ್ಡ ನಿಂತಿರುವುದು ಭಾಷೆ ಮಾತ್ರ. ಅಂಥ ಪಠ್ಯದಲ್ಲಿ ಇಡೀ ಭಾಗವನ್ನು ಪದಶಃ ಬಿಡಿಸುವ ಮೊದಲು ಆ ಇಕ್ಕಟ್ಟಿನ ಒಂದು ಗಳಿಗೆಯನ್ನು ತಿಳಿಗನ್ನಡದಲ್ಲಿ ಹೇಳಿ, “ನೀವು ಏನು ಮಾಡುತ್ತಿದ್ದಿರಿ?” ಎಂದು ಬರೆಯಿಸಿ, ಆಮೇಲೆ ಕವಿಯ ಮಾತಿನಲ್ಲಿ ಅದನ್ನು ಓದಿರಿ. ತಾನು ಒಂದು ನಿರ್ಧಾರ ಮಾಡಿಕೊಂಡ ಮೇಲೆ ವೀರ ಏನು ಮಾಡಿದ ಎಂದು ತಿಳಿಯುವ ಕುತೂಹಲವೇ ಕಷ್ಟದ ಪದಗಳನ್ನು ದಾಟಿಸುತ್ತದೆ.

ಅಂಕ, ಮತ್ತು ತಿಂಗಳ ನಂತರ

ಓದಿನ ನೋಟ್‌ಬುಕ್ಕಿಗೆ ಅಂಕ ಕೊಡಬೇಡಿರಿ. ಭಾವನೆಗೆ ಅಂಕ ಕೊಟ್ಟರೆ ವಿದ್ಯಾರ್ಥಿಗಳು ಅಂಕ ಬರುವ ಭಾವನೆಗಳನ್ನು ಕಲಿಯುತ್ತಾರೆ. ನಿಯಮದಂತೆ ಮೌಲ್ಯಮಾಪನ ಮಾಡಲೇಬೇಕಾದರೆ, ತನ್ನ ಓದಿಗೆ ಪಠ್ಯದಿಂದ ಆಧಾರ ಕೊಟ್ಟಿದ್ದಾನೆಯೇ, ಇನ್ನೊಬ್ಬರ ಓದನ್ನು ಕೇಳಿ ತನ್ನದನ್ನು ಮತ್ತೆ ಪರಿಶೀಲಿಸಿದ್ದಾನೆಯೇ ಎಂಬುದನ್ನಷ್ಟೇ ಅಳೆಯಿರಿ. ಪರೀಕ್ಷೆಯ ತಯಾರಿಯನ್ನು ಬೇರೆ ಅವಧಿಯಲ್ಲಿ, ಅದು ಪರೀಕ್ಷೆಯ ತಯಾರಿ ಎಂದು ಹೇಳಿಯೇ ಮಾಡಿಸಿರಿ. ಸಾಲು ಸಾಲಾಗಿ ಚರ್ಚಿಸಿದ ಪಠ್ಯ ನೆನಪಿನಲ್ಲಿ ಉಳಿದಿರುವುದರಿಂದ ಅದಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ.

ಒಂದು ತಿಂಗಳು ಕಳೆದ ಮೇಲೆ, ಬೇರೆ ಪಾಠ ನಡೆಯುತ್ತಿರುವಾಗ, ಹಳೆಯ ಕಥೆಯ ಪುಟವನ್ನು ನೋಟ್‌ಬುಕ್ಕಿನಲ್ಲಿ ಮತ್ತೆ ತೆರೆಯಲು ಹೇಳಿರಿ. ಅಂದು ಗುರುತು ಹಾಕಿದ ಸಾಲನ್ನು ಓದಿ, ಇಂದು ಬೇರೆ ಸಾಲನ್ನು ಆರಿಸುತ್ತಿದ್ದಿರಾ ಎಂದು ಕೇಳಿ, ದಿನಾಂಕ ಹಾಕಿ ಕೆಳಗೆ ಎರಡು ವಾಕ್ಯ ಬರೆಯಿಸಿರಿ. ಕೆಲವರು ಅದೇ ಸಾಲನ್ನು ಉಳಿಸಿಕೊಳ್ಳುತ್ತಾರೆ. ಕೆಲವರು, ಮೊದಲ ದಿನ “ಬೋರು” ಎಂದಿದ್ದವರೂ ಸೇರಿದಂತೆ, ಪಠ್ಯಪುಸ್ತಕದಲ್ಲಿ ಆ ಕಥೆಯನ್ನು ಹುಡುಕಿ ಮತ್ತೆ ಓದತೊಡಗುತ್ತಾರೆ. ಅವರು ಓದಿ ಮುಗಿಸುವವರೆಗೆ ಆ ದಿನದ ಪಾಠ ಸ್ವಲ್ಪ ಕಾಯಲಿ.